ಒಲೆ ಹಚ್ಚದೆ 55 ಹಣ್ಣಿನ ಕಡ್ಡಿ: ಬೇಸಿಗೆ ರಜೆಯ ತುಂಬಿದ ಮನೆಗೊಂದು ಸಮಗ್ರ ಮಾರ್ಗದರ್ಶಿ

ಬೇಸಿಗೆ ರಜೆಯಲ್ಲಿ ನಮ್ಮ ತವರಿನಲ್ಲಿ 25 ಜನ ಸೇರುತ್ತೇವೆ. ಸಕಲೇಶಪುರದಿಂದ ಒಳಗೆ, ಕಾಫಿ ತೋಟದ ಅಂಚಿನ ಹೆಂಚಿನ ಮನೆ. ಮಧ್ಯಾಹ್ನದ ಊಟ ಮುಗಿದು, ದೊಡ್ಡವರು ಜಗಲಿಯಲ್ಲಿ ಅಡ್ಡಾಗಿ, ಮಕ್ಕಳು ಅಂಗಳದ ಆಟ ಮುಗಿಸಿ ಬರುವಾಗ ಗಂಟೆ ನಾಲ್ಕಾಗಿರುತ್ತದೆ. ಆಗ ಏನಾದರೂ ಕೊಡಲೇಬೇಕು. ಬೋಂಡಾ, ಬಜ್ಜಿ ಎಂದರೆ ಅತ್ತಿಗೆಯೋ ಚಿಕ್ಕಮ್ಮನೋ ಆ ಸೆಕೆಯಲ್ಲಿ ಮತ್ತೆ ಎಣ್ಣೆ ಬಾಣಲೆಯ ಮುಂದೆ ನಿಲ್ಲಬೇಕು. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ದೊಡ್ಡ ಅಡುಗೆ, ರಾತ್ರಿಗೆ ಕಡುಬು ಎಂದು ದಿನವಿಡೀ ಒಲೆಯ ಹತ್ತಿರವೇ ಇರುವವರಿಗೆ ಆ ಒಂದು ಹೊತ್ತಾದರೂ ಬಿಡುವು ಸಿಗಲಿ ಎಂದು ನಾನು ಹಣ್ಣಿನ ಕಡ್ಡಿ ಶುರುಮಾಡಿದೆ. ಈಗ ಅದಿಲ್ಲದೆ ನಮ್ಮ ರಜೆ ಮುಗಿಯುವುದಿಲ್ಲ.

ಹಣ್ಣು ಹೆಚ್ಚಿ ಕಡ್ಡಿಗೆ ಪೋಣಿಸುವುದರಲ್ಲಿ ಕಲಿಯುವುದೇನಿದೆ ಎಂದು ಅನ್ನಿಸಬಹುದು. ಮೊದಲ ವರ್ಷ ನಾನು ಎಲ್ಲವನ್ನೂ ಹಿಂದಿನ ರಾತ್ರಿಯೇ ಪೋಣಿಸಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ತೆಗೆದರೆ ತಟ್ಟೆಯ ತಳದಲ್ಲಿ ಒಂದು ಬೆರಳು ಕೆಂಪು ನೀರು, ಬಾಳೆಹಣ್ಣು ಕಂದು, ಕರಬೂಜದ ಮೇಲೆಲ್ಲ ಕಲ್ಲಂಗಡಿಯ ಕಲೆ, ಅನಾನಸ್ ಕಲಸಿಟ್ಟಿದ್ದ ಮೊಸರು ಕಹಿ. ಹಣ್ಣೆಲ್ಲ ಒಳ್ಳೆಯದೇ ಆಗಿತ್ತು; ಹೊತ್ತು ತಪ್ಪಿತ್ತು. ಅಂದಿನಿಂದ ನಾನು ಹಿಡಿದ ದಾರಿ ಒಂದೇ: ತಿನ್ನುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುವುದು. ಕೆಳಗೆ ಬರೆದಿರುವುದೆಲ್ಲ ಸಂಜೆ 4 ಗಂಟೆಗೆ ಹಂಚುವ ಲೆಕ್ಕ. ನಿಮ್ಮ ಮನೆಯ ಹೊತ್ತು ಬೇರೆಯಿದ್ದರೆ ಗಡಿಯಾರವನ್ನು ಹಿಂದೆ ಮುಂದೆ ಸರಿಸಿಕೊಳ್ಳಿ.

ಮೊದಲು ಎಣಿಕೆ

25 ಜನರಿಗೆ ತಲಾ 2 ಕಡ್ಡಿ ಎಂದರೆ 50. ಕೈಜಾರಿ ಬೀಳುವುದಕ್ಕೆ, ಇನ್ನೊಂದು ಬೇಕೆಂದು ಹಠ ಹಿಡಿಯುವ ಮಗುವಿಗೆ, ಹೇಳದೆ ಬರುವ ನೆಂಟರಿಗೆ ಎಂದು 5 ಹೆಚ್ಚು. ಒಟ್ಟು 55. ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎಲ್ಲ ಮುಗಿದ ಮೇಲೆ ಅದು ಮತ್ತೆ ಬೇಕಾಗುತ್ತದೆ.

ಒಂದು ಕಡ್ಡಿಗೆ ಐದು ದೊಡ್ಡ ತುಂಡು, ಎರಡು ದ್ರಾಕ್ಷಿ. ತುಂಡು ಒಂದು ಇಂಚಿನಷ್ಟಿರಲಿ, ಅಂದರೆ ಎರಡೂವರೆ ಸೆಂಟಿಮೀಟರ್. ಅದಕ್ಕಿಂತ ಚಿಕ್ಕದಾದರೆ ಚುಚ್ಚುವಾಗ ಸೀಳುತ್ತದೆ, ದೊಡ್ಡದಾದರೆ ಮಕ್ಕಳ ಬಾಯಿಗೆ ಹಿಡಿಯುವುದಿಲ್ಲ. ಹೀಗೆ ಪೋಣಿಸಿದರೆ ಕಡ್ಡಿಯ ಮೇಲೆ ಸುಮಾರು 70 ಗ್ರಾಂ ಹಣ್ಣು ಕೂರುತ್ತದೆ. ಮಕ್ಕಳು ಎರಡೆರಡು ತಿಂದರೂ ರಾತ್ರಿಯ ಊಟ ಕೆಡುವುದಿಲ್ಲ.

55 ಕಡ್ಡಿಗೆ ನಾನು ತರುವುದು ಇಷ್ಟು: 3 ಕಿಲೋ ತೂಗುವ ಕಲ್ಲಂಗಡಿ ಒಂದು, ಕಿಲೋ ಆಸುಪಾಸಿನ ಅನಾನಸ್ ಎರಡು, ಸುಮಾರು ಕಾಲು ಕಿಲೋದ ಮಾವಿನಹಣ್ಣು ಆರು, ಒಂದೂವರೆ ಕಿಲೋದ ಪರಂಗಿ ಒಂದು, ಸಾಧಾರಣ ಗಾತ್ರದ ಕರಬೂಜ ಎರಡು, ಕಪ್ಪು ಮತ್ತು ಹಸಿರು ದ್ರಾಕ್ಷಿ ಸೇರಿ ಮುಕ್ಕಾಲು ಕಿಲೋ. ಜೊತೆಗೆ ನಿಂಬೆಹಣ್ಣು ನಾಲ್ಕು, ಪುದೀನ ಒಂದು ಕಟ್ಟು. ಅಂಚು, ಮೂಲೆಯ ಚೂರುಗಳು ಉಳಿಯುತ್ತವೆ. ಅವನ್ನು ಎಸೆಯಬೇಡಿ, ಮುಂದೆ ಹೇಳುತ್ತೇನೆ.

ಹಣ್ಣು ಆರಿಸುವುದರಲ್ಲಿಯೇ ಅರ್ಧ ಕೆಲಸ

ನಾನು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಹಣ್ಣು ಕೊಂಡು ಘಟ್ಟದ ಕಡೆಗೆ ಹೋಗುತ್ತೇನೆ. ಎಲ್ಲವನ್ನೂ ಒಂದೇ ದಿನ ಕೊಳ್ಳುವುದಿಲ್ಲ. ಇದಕ್ಕೆ ಕಾರಣವಿದೆ. ಮಾವು, ಪರಂಗಿ, ಬಾಳೆ ಇವು ಕಿತ್ತ ಮೇಲೂ ಹಣ್ಣಾಗುತ್ತವೆ. ಅನಾನಸ್, ಕಲ್ಲಂಗಡಿ, ದ್ರಾಕ್ಷಿ ಇವು ಗಿಡದಿಂದ ಬೇರೆಯಾದ ಮೇಲೆ ಇನ್ನಷ್ಟು ಸಿಹಿಯಾಗುವುದಿಲ್ಲ. ಇಟ್ಟಷ್ಟೂ ಮೆತ್ತಗಾಗುತ್ತವೆ, ಅಷ್ಟೇ. ಆದ್ದರಿಂದ ಮಾವು, ಪರಂಗಿ ಮೂರು ನಾಲ್ಕು ದಿನ ಮೊದಲು, ಉಳಿದವು ಹಿಂದಿನ ದಿನ.

ಕಡ್ಡಿಗೆ ಬೇಕಾದ ಮಾವು ಬೇರೆ, ಸೀಕರಣೆಗೆ ಬೇಕಾದ ಮಾವು ಬೇರೆ. ರಸಪುರಿಯ ರುಚಿಗೆ ನಾನು ಸೋತವಳು, ಆದರೆ ಅದನ್ನು ಕಡ್ಡಿಗೆ ಏರಿಸಲಾಗದು. ಅದರ ತಿರುಳು ರಸವಾಗಿ ಹರಿಯುತ್ತದೆ, ನಾರು ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಬಾದಾಮಿ ಒಳ್ಳೆಯದು, ಬೇರೆ ಕಡೆ ಆಲ್ಫಾನ್ಸೊ ಎನ್ನುವುದನ್ನೇ ನಾವು ಬಾದಾಮಿ ಎನ್ನುತ್ತೇವೆ. ಬೆರಳಿಂದ ಒತ್ತಿದರೆ ಸ್ವಲ್ಪವೇ ಬಗ್ಗುವ, ಮುಕ್ಕಾಲು ಮಾಗಿದ ಹಣ್ಣು ಸಾಕು. ಮಲ್ಲಿಕಾ ಸಿಕ್ಕರೆ ಇನ್ನೂ ಉತ್ತಮ. ನೀಲಂ ಮತ್ತು ದಶೇರಿ ತಳಿಗಳನ್ನು ಕೂಡಿಸಿ ಬೆಳೆಸಿದ ಈ ತಳಿಯ ತಿರುಳು ಗಟ್ಟಿ, ನಾರು ಕಡಿಮೆ. ಆದರೆ ಅದು ತಡವಾಗಿ ಬರುತ್ತದೆ, ರಜೆ ಮುಗಿಯುವ ಹೊತ್ತಿಗೆ. ಗಿಣಿಮೂತಿ ಮಾವು, ಅಂದರೆ ತೋತಾಪುರಿ, ಅರೆ ಮಾಗಿದ್ದರೆ ಚೌಕವಾಗಿ ನಿಲ್ಲುತ್ತದೆ. ಹುಳಿಸಿಹಿ ಇಷ್ಟಪಡುವ ಹದಿಹರೆಯದವರಿಗೆ ಅದನ್ನೇ ಹಾಕಿ.

ತೋಟದಿಂದ ಬಲಿತ ಕಾಯಿ ಸಿಕ್ಕರೆ ಹುಲ್ಲಿನಲ್ಲಿ ಅಡೆ ಹಾಕಿ. ಒಣ ಭತ್ತದ ಹುಲ್ಲಿನ ನಡುವೆ ಒಂದರ ಪಕ್ಕ ಒಂದು ತಾಗದಂತೆ ಇಟ್ಟು, ಮೇಲೆ ಗೋಣಿ ಮುಚ್ಚಿದರೆ ಕೆಲವೇ ದಿನಗಳಲ್ಲಿ ಮನೆತುಂಬ ಪರಿಮಳ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಸಿಪ್ಪೆಯೆಲ್ಲ ಒಂದೇ ಸಮನೆ ಹಳದಿಯಾಗಿದ್ದು ಹಣ್ಣಿಗೆ ಪರಿಮಳವೇ ಇಲ್ಲದಿದ್ದರೆ ನಾನು ಆ ರಾಶಿಯಿಂದ ಕೊಳ್ಳುವುದಿಲ್ಲ.

ಕಲ್ಲಂಗಡಿಯನ್ನು ತಟ್ಟಿ ನೋಡುವುದು ಎಲ್ಲರಿಗೂ ಗೊತ್ತು. ನಾನು ತಟ್ಟುವ ಮೊದಲು ಹಣ್ಣನ್ನು ತಿರುಗಿಸಿ ನೆಲಕ್ಕೆ ತಾಗಿದ್ದ ಜಾಗ ನೋಡುತ್ತೇನೆ. ಆ ಮಚ್ಚೆ ಬೆಣ್ಣೆಯಂತೆ ಹಳದಿಯಾಗಿದ್ದರೆ ಬಳ್ಳಿಯಲ್ಲಿಯೇ ಬಲಿತದ್ದು, ಬೆಳ್ಳಗಿದ್ದರೆ ಬೇಗ ಕಿತ್ತದ್ದು. ಗಾತ್ರಕ್ಕೆ ಮೀರಿದ ಭಾರವಿರಬೇಕು. ಕಡ್ಡಿಗೆ ಗಾಢ ಹಸಿರು ಸಿಪ್ಪೆಯ, ಉದ್ದನೆಯ ಚಿಕ್ಕ ಹಣ್ಣೇ ವಾಸಿ. ತಿರುಳು ಗಟ್ಟಿ, ಬೀಜ ಸಣ್ಣದು. ಕೊಯ್ದು ತೋರಿಸಿದ ಅರ್ಧ ಹಣ್ಣನ್ನು ಎಷ್ಟು ಕೆಂಪಗಿದ್ದರೂ ಕೊಳ್ಳಬೇಡಿ. ಕರಬೂಜಕ್ಕೆ ಮೂಗೇ ಸಾಕ್ಷಿ: ತೊಟ್ಟಿನ ಜಾಗದಲ್ಲಿ ಪರಿಮಳ ಬರಬೇಕು, ಅಲ್ಲಿ ಒತ್ತಿದರೆ ತುಸು ಬಗ್ಗಬೇಕು.

ಅನಾನಸಿನ ಬಣ್ಣ ಬುಡದಿಂದ ಮೇಲಕ್ಕೆ ಏರುತ್ತದೆ. ಬುಡದಲ್ಲಿ ಹಳದಿ, ತುದಿಯಲ್ಲಿ ಇನ್ನೂ ಹಸಿರು ಇರುವುದು ಕಡ್ಡಿಗೆ ಸರಿಯಾದ ಹದ. ಬುಡವನ್ನು ಮೂಸಿದಾಗ ಹೆಂಡದಂತಹ ಹುಳಿ ವಾಸನೆ ಬಂದರೆ ಮೀರಿಹೋಗಿದೆ ಎಂದರ್ಥ. ಪರಂಗಿಯೂ ಹಾಗೆಯೇ, ಹಳದಿಯ ನಡುವೆ ಹಸಿರು ಗೆರೆಗಳಿರುವಾಗಲೇ ಹೆಚ್ಚಬೇಕು. ಪೂರ್ತಿ ಹಣ್ಣಾದದ್ದು ಕಡ್ಡಿಯಿಂದ ಜಾರುತ್ತದೆ. ಈ ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಪರಂಗಿ ಎಂಬ ಹೆಸರಿನಲ್ಲಿಯೇ ಫಿರಂಗಿಯವರ ಗುರುತು ಉಳಿದಿದೆ. ನಮ್ಮ ಹಿತ್ತಲಿನಲ್ಲಿ ತಾನಾಗಿ ಹುಟ್ಟುವ ಗಿಡವನ್ನು ಪರದೇಶದ್ದು ಎಂದು ಈಗ ಯಾರೂ ಎಣಿಸುವುದಿಲ್ಲ.

ದ್ರಾಕ್ಷಿಯ ಹಂಗಾಮು ಏಪ್ರಿಲ್ ಹೊತ್ತಿಗೆ ಇಳಿಯುತ್ತದೆ. ಮೇ ನಡುವಿನಲ್ಲಿ ಗೊಂಚಲು ಸೊರಗಿದ್ದರೆ ಬಿಡಿ. ಹಸಿರಿಗೆ ಸೀಬೆಕಾಯಿ ಹೋಳು, ಕಪ್ಪಿಗೆ ಮೇ ಕೊನೆಯ ನೇರಳೆ ಆಗುತ್ತದೆ. ಆದರೆ ನೇರಳೆಯ ನೀಲಿ ಪಕ್ಕದ ಹಣ್ಣಿಗೆಲ್ಲ ಹತ್ತುತ್ತದೆ, ಅದನ್ನು ತುದಿಯಲ್ಲಿ ಇಡಬೇಡಿ, ಕೆಳಗಿರಲಿ. ಬಿಳಿ ಬಣ್ಣ ಬೇಕೆಂದರೆ ಎಳನೀರಿನ ಗಂಜಿ ಇದೆ. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ನಾಡು ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಬಿಳಿಗೆಂದು ಬೇರೆ ಏನನ್ನೂ ಹುಡುಕಬೇಕಿಲ್ಲ. ತೀರ ಎಳೆಯದು ಜಾರುತ್ತದೆ. ಸ್ವಲ್ಪ ಬಲಿತ ಗಂಜಿಯನ್ನು ಕೆರೆದು, ಪಟ್ಟಿಯಂತೆ ಕತ್ತರಿಸಿ, ಎರಡು ಮಡಿಕೆ ಮಾಡಿ ಚುಚ್ಚಿದರೆ ರೇಷ್ಮೆ ನೆರಿಗೆಯ ಹಾಗೆ ಕಾಣುತ್ತದೆ.

ಹಲಸಿನ ಮನೆಯಾದರೆ ಗಟ್ಟಿ ತೊಳೆಯ ಬಕ್ಕೆ ಹಲಸನ್ನು ತಪ್ಪದೆ ಹಾಕಿ. ಮೆತ್ತನೆಯ ಅಂಬಲಿ ಹಲಸು ಬೇಡ, ಅದು ಬಾಯಿಗೆ ಮಾತ್ರ, ಕಡ್ಡಿಗಲ್ಲ. ಬೀಜ ತೆಗೆದ ತೊಳೆಯನ್ನು ಅಡ್ಡಕ್ಕೆ ಎರಡು ಮಾಡಿದರೆ ಒಂದಿಂಚಿನ ಉಂಗುರಗಳು ಸಿಗುತ್ತವೆ. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಈ ಕೆಲಸಕ್ಕೆ ಬೇರೆ ಚಾಕುವೇ ಇರಲಿ.

ಬಾಳೆಹಣ್ಣು ಮತ್ತು ಸೇಬನ್ನು ನಾನು ಕೈಬಿಟ್ಟಿದ್ದೇನೆ. ಕೊಯ್ದ ಕೂಡಲೇ ಗಾಳಿ ತಾಗಿ, ಅವುಗಳೊಳಗಿನ ಕಿಣ್ವ ಕೆಲಸ ಶುರುಮಾಡಿ, ಕಂದಾಗುತ್ತವೆ. ಏಲಕ್ಕಿ ಬಾಳೆ ಬೇಕೇಬೇಕು ಎನ್ನುವವರು ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ, ಹೋಳುಗಳನ್ನು ಎರಡು ಮೂರು ನಿಮಿಷ ಅದ್ದಿ, ಕೊನೆಯ ಗಳಿಗೆಯಲ್ಲಿ ಪೋಣಿಸಲಿ. ಹುಳಿಯಲ್ಲಿ ಆ ಕಿಣ್ವ ನಿಧಾನವಾಗುತ್ತದೆ.

ಕಡ್ಡಿ

ಅಂಗಡಿಯಲ್ಲಿ ಸಿಗುವ ಬಿದಿರಿನ ಕಡ್ಡಿಗಳಲ್ಲಿ 25 ಸೆಂಟಿಮೀಟರಿನದು ತೆಗೆದುಕೊಳ್ಳಿ. ಹಣ್ಣಿಗೆ 16, 17 ಸೆಂಟಿಮೀಟರ್ ಹೋದರೂ ಹಿಡಿಯಲು, ನಿಲ್ಲಿಸಲು ಜಾಗ ಉಳಿಯುತ್ತದೆ. ಕೆಂಡದ ಮೇಲೆ ಸುಡುವುದಕ್ಕಾದರೆ ಕಡ್ಡಿಯನ್ನು ನೀರಿನಲ್ಲಿ ನೆನೆಹಾಕುತ್ತಾರೆ. ನಮಗೆ ಅದು ಬೇಡ. ತೊಳೆದು, ಬಟ್ಟೆಯಿಂದ ಒರೆಸಿ, ಒಂದೊಂದನ್ನೂ ಬೆರಳ ನಡುವೆ ಎಳೆದು ನೋಡಿ. ಸಿಬಿರು ಎದ್ದದ್ದನ್ನು ಬದಿಗಿಡಿ.

ತೆಂಗಿನ ಗರಿಯ ಕಡ್ಡಿಯೂ ಆಗುತ್ತದೆ. ಮುತ್ತುಗದ ಎಲೆ ಹಚ್ಚುವ ಕಡ್ಡಿಗಿಂತ ದಪ್ಪದ್ದನ್ನು, ಗರಿಯ ಬುಡದ ಭಾಗದಿಂದ ಸೀಳಿಕೊಳ್ಳಬೇಕು. ಅದು ಐದು ತುಂಡಿನ ಭಾರಕ್ಕೆ ಬಾಗುತ್ತದೆ, ಮೂರಕ್ಕೆ ಸಾಕು. ತೋಟದಲ್ಲಿ ಕೈಗೆ ಸಿಕ್ಕ ರೆಂಬೆಯನ್ನು ಮಾತ್ರ ಮಕ್ಕಳು ತರದಂತೆ ನೋಡಿಕೊಳ್ಳಿ. ಕಣಗಿಲೆಯ ಕಡ್ಡಿ ನೇರವಾಗಿ ಚೆಂದವಾಗಿರುತ್ತದೆ, ಆದರೆ ಅದು ವಿಷ. ಕಾಫಿ, ಮೆಣಸಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಎಂಬ ಔಷಧಿ ಹೊಡೆದಿರುತ್ತಾರೆ. ಯಾವ ಗಿಡದ ಕಡ್ಡಿಯೂ ಬೇಡ.

ಹಿಂದಿನ ಸಂಜೆ

ಹಣ್ಣನ್ನು ಹೆಚ್ಚದೆ ಇಡಿಯಾಗಿಯೇ ತೊಳೆಯಬೇಕು, ಸಿಪ್ಪೆ ತೆಗೆಯುವ ಹಣ್ಣನ್ನೂ ತೊಳೆಯಬೇಕು. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂದು ಬಿಡುವವರೇ ಹೆಚ್ಚು. ಚಾಕು ಸಿಪ್ಪೆಯನ್ನು ಸೀಳಿಕೊಂಡು ಒಳಗೆ ಹೋಗುವಾಗ ಹೊರಗಿನ ಮಣ್ಣು, ಕೊಳೆಯನ್ನೂ ತಿರುಳಿಗೆ ಒಯ್ಯುತ್ತದೆ. ಕರಬೂಜದ ಬಲೆಯಂತಹ ಸಿಪ್ಪೆಯಲ್ಲಿ ಮಣ್ಣು ಕಚ್ಚಿಕೊಂಡಿರುತ್ತದೆ. ತರಕಾರಿಗೆಂದೇ ಇಟ್ಟ ಬ್ರಷ್‌ನಿಂದ ಹರಿಯುವ ನೀರಿನಲ್ಲಿ ಉಜ್ಜಿ. ಸೋಪು ಬೇಡ. ದ್ರಾಕ್ಷಿಯನ್ನು ಗೊಂಚಲಿನಿಂದ ಬಿಡಿಸಿ ಮೂರು ನೀರಿನಲ್ಲಿ ತೊಳೆಯಿರಿ. ಮಾವನ್ನು ತೊಟ್ಟು ಮುರಿದು ಒಂದು ಗಂಟೆ ಬೋಸಿಯ ನೀರಿನಲ್ಲಿ ಬಿಡಿ. ತೊಟ್ಟಿನ ಸೊನೆ ತಾಗಿದರೆ ತುಟಿ ಸುಟ್ಟಂತಾಗುವವರು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಇರುತ್ತಾರೆ, ನೆನೆಸಿದರೆ ಸೊನೆ ಬಿಟ್ಟುಕೊಳ್ಳುತ್ತದೆ.

ಎಲ್ಲವನ್ನೂ ಒರೆಸಿ ಒಣಗಿಸಿ ಫ್ರಿಜ್ಜಿನಲ್ಲಿಡಿ. ತಣ್ಣಗಿರುವ ಹಣ್ಣು ಚಾಕುವಿಗೆ ಗಟ್ಟಿಯಾಗಿ ಸಿಗುತ್ತದೆ, ರಸ ಕಡಿಮೆ ಬಿಡುತ್ತದೆ. ಕಲ್ಲಂಗಡಿಗೆ ಜಾಗವಿಲ್ಲದಿದ್ದರೆ ತೊಳೆದು ಹಂಡೆಯ ತಣ್ಣೀರಿನಲ್ಲಿ ಮುಳುಗಿಸಿಡಿ.

ಮಲೆನಾಡಿನ ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗುವುದು ಹೊಸದಲ್ಲ. ಹಿಂದಿನ ದಿನವೇ ಸ್ಟೀಲ್ ಡಬ್ಬಿಗಳಲ್ಲಿ ನೀರು ತುಂಬಿ ಮಂಜುಗಡ್ಡೆ ಮಾಡಿಟ್ಟುಕೊಳ್ಳಿ. ಕರೆಂಟ್ ಹೋದರೂ ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನೊಳಗೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ. ಮಕ್ಕಳು ಹತ್ತು ಸಲ ಬಾಗಿಲು ತೆರೆದು ನೋಡದಂತೆ ಅಜ್ಜಿಯನ್ನು ಕಾವಲಿಗೆ ಕೂರಿಸಿ. ನಮ್ಮ ಮನೆಯಲ್ಲಿ ಆ ಕೆಲಸ ಅವರಿಗೆ ಬಹಳ ಪ್ರಿಯ.

2 ಗಂಟೆಗೆ: ಹೆಚ್ಚುವುದು

ಊಟದ ಎಲೆ ಎತ್ತಿದ ಕೂಡಲೇ ಶುರುಮಾಡಿ. ಈರುಳ್ಳಿ, ಮಾಂಸ, ಮೀನು ಹೆಚ್ಚಿದ ಮಣೆಯನ್ನು ಮುಟ್ಟಬೇಡಿ. ಹಣ್ಣಿಗೆ ಬೇರೆ ಮಣೆ, ಬೇರೆ ಚಾಕು. ಈಳಿಗೆಮಣೆಯಲ್ಲಿ ಕೈ ಪಳಗಿದವರಿಗೆ ಅದೇ ಸಲೀಸು, ಆದರೆ ಒಂದೇ ಅಳತೆಯ ಚೌಕ ಬೇಕಾದ್ದರಿಂದ ನಾನು ಉದ್ದನೆಯ ಚಾಕುವನ್ನೇ ಹಿಡಿಯುತ್ತೇನೆ.

ಅನಾನಸ್ ಮೊದಲು, ಕಲ್ಲಂಗಡಿ ಕೊನೆಗೆ. ಅನಾನಸ್ ಕಾದಷ್ಟೂ ಅದರ ಮೇಲಿನ ನೀರು ಬಸಿದುಹೋಗಿ ಒಳ್ಳೆಯದಾಗುತ್ತದೆ. ಕಲ್ಲಂಗಡಿ ಕಾದಷ್ಟೂ ಸೋರುತ್ತದೆ.

ಅನಾನಸಿನ ಜುಟ್ಟು ಮತ್ತು ಬುಡವನ್ನು ಕತ್ತರಿಸಿ ನೆಟ್ಟಗೆ ನಿಲ್ಲಿಸಿ. ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ತೆಳ್ಳಗೆ ಇಳಿಸುತ್ತಾ ಬನ್ನಿ. ಕಪ್ಪು ಕಣ್ಣುಗಳು ಉಳಿಯುತ್ತವೆ. ಅವನ್ನೂ ಸೇರಿಸಿ ದಪ್ಪಗೆ ಕೆತ್ತಿದರೆ ಕಾಲುಭಾಗ ಹಣ್ಣು ಸಿಪ್ಪೆಯ ಬುಟ್ಟಿಗೆ ಹೋಯಿತು. ಒಂದು ಕ್ಷಣ ಹಣ್ಣನ್ನು ತಿರುಗಿಸಿ ನೋಡಿ: ಕಣ್ಣುಗಳು ಅಡ್ಡಾದಿಡ್ಡಿಯಾಗಿಲ್ಲ, ಓರೆಯಾಗಿ ಸಾಲು ಹಿಡಿದಿವೆ, ಬುಗುರಿಗೆ ದಾರ ಸುತ್ತಿದ ಹಾಗೆ. ಆ ಸಾಲಿನ ಈ ಬದಿಗೊಂದು ಆ ಬದಿಗೊಂದು ಓರೆ ಗೀರು ಹಾಕಿದರೆ ಸಾಲಿಗೆ ಸಾಲೇ ಒಂದು ದಾರದಂತೆ ಎದ್ದು ಬರುತ್ತದೆ. ಉಳಿದ ಹಣ್ಣಿನ ಮೈಮೇಲೆ ಸುರುಳಿ ಕಾಲುವೆ ತೋಡಿದಂತೆ ಕಾಣುತ್ತದೆ. ಮಕ್ಕಳು ಇದನ್ನು ನೋಡಲೆಂದೇ ಸುತ್ತ ಕೂರುತ್ತಾರೆ. ಆಮೇಲೆ ಉದ್ದಕ್ಕೆ ನಾಲ್ಕು ಮಾಡಿ, ನಡುವಿನ ಗಟ್ಟಿ ದಿಂಡು ತೆಗೆದು, ಹೋಳು ಮಾಡಿ. ನಾಲಿಗೆ ಕೆರೆಯದಿರಲೆಂದು ತಿಳಿ ಉಪ್ಪುನೀರಿನಲ್ಲಿ ಐದು ನಿಮಿಷ ಬಿಟ್ಟು ಬಸಿಯಿರಿ.

ಪರಂಗಿಯನ್ನು ಸೀಳಿ ಬೀಜ ತೆಗೆದು, ಸಿಪ್ಪೆ ಹೆರೆದು, ಚೌಕ ಮಾಡಿ. ಕರಬೂಜವೂ ಹಾಗೆಯೇ. ಮಾವಿನ ವಾಟೆಯ ಎರಡು ಬದಿಯ ಕೆನ್ನೆಗಳನ್ನು ಇಳಿಸಿ, ಸಿಪ್ಪೆ ಸೀಳದ ಹಾಗೆ ಒಳಗೆ ಚೌಕಳಿ ಗೀರು ಹಾಕಿ, ಹಿಂದಿನಿಂದ ಒತ್ತಿ ಹೊರಮುಖ ಮಾಡಿ. ತುಂಡುಗಳು ಎದ್ದು ನಿಲ್ಲುತ್ತವೆ, ಬುಡದಲ್ಲಿ ಚಾಕು ಆಡಿಸಿದರೆ ಬಿಡಿಯಾಗುತ್ತವೆ. ಒಂದು ಹಣ್ಣಿಗೆ ಹತ್ತು, ಹನ್ನೆರಡು ತುಂಡು. ವಾಟೆ ಯಾರಿಗೆ ಎಂಬ ಜಗಳವನ್ನು ಮೊದಲೇ ತೀರ್ಮಾನಿಸಿ. ಕಲ್ಲಂಗಡಿಯನ್ನು ಒಂದಿಂಚಿನ ಬಿಲ್ಲೆಗಳಾಗಿ ಕೊಯ್ದು, ಬೀಜ ಆರಿಸಿ, ಚೌಕ ಮಾಡಿ. ನಡುವಿನ ತಿರುಳು ಕಡ್ಡಿಗೆ, ಬೀಜದ ಸಾಲಿನ ಮೆತ್ತನೆಯ ಭಾಗ ಪಾನಕಕ್ಕೆ.

ಈಗ ಬಹುತೇಕರು ಬಿಡುವ ಕೆಲಸ. ದೊಡ್ಡ ಹರಿವಾಣಗಳಲ್ಲಿ ಒಗೆದ ಬಿಳಿ ಬಟ್ಟೆ ಹಾಸಿ, ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಮೇಲೊಂದು ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಿ. ಹಳೆಯ ಪಂಚೆಯ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಬಟ್ಟೆ ಹೀರಿದ ನೀರೆಲ್ಲ ಮುಂದೆ ಕಡ್ಡಿಯ ಮೇಲೆ ಹರಿದು ಬಣ್ಣ ಕಲಸಬೇಕಿದ್ದ ನೀರು. ಹಣ್ಣು ಹೊಳೆಯುವುದು ಒದ್ದೆಯಿಂದ ಎಂದು ಅನ್ನಿಸುತ್ತದೆ. ಒರೆಸಿದ ಹಣ್ಣೇ ಅರ್ಧ ಗಂಟೆಯ ಮೇಲೂ ಹೊಳೆಯುತ್ತಿರುತ್ತದೆ. ಆಮೇಲೆ ಬೇರೆ ಬೇರೆ ಪಾತ್ರೆಗಳಲ್ಲಿ ಮುಚ್ಚಿ ಫ್ರಿಜ್ಜಿಗೆ. ಕಲ್ಲಂಗಡಿ, ಕರಬೂಜಗಳಲ್ಲಿ ಹುಳಿ ಕಡಿಮೆಯಾದ್ದರಿಂದ ಹೆಚ್ಚಿದ ಮೇಲೆ ರೋಗಾಣುಗಳು ಬೇಗ ಬೆಳೆಯುತ್ತವೆ, ಅವನ್ನು ಹೊರಗೆ ಬಿಡಲೇಬಾರದು.

3.15ಕ್ಕೆ: ಪೋಣಿಸುವುದು

ಇದು ಮಕ್ಕಳ ಪಾಲಿನ ಕೆಲಸ. ಕೈ ತೊಳೆದು ಬಂದವರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಹಣ್ಣಿನ ಪಾತ್ರೆ ಇಟ್ಟು, ಕಡ್ಡಿಯನ್ನು ಕೈಯಿಂದ ಕೈಗೆ ದಾಟಿಸಿ. ಆರು ಮಕ್ಕಳಿದ್ದರೆ 55 ಕಡ್ಡಿ ಅರ್ಧ ಗಂಟೆಯ ಕೆಲಸ.

ನನ್ನ ಸಾಲು ಕೆಳಗಿನಿಂದ ಮೇಲಕ್ಕೆ ಹೀಗೆ: ಕಪ್ಪು ದ್ರಾಕ್ಷಿ, ಕಲ್ಲಂಗಡಿ, ಅನಾನಸ್, ಪರಂಗಿ, ಕರಬೂಜ, ಮಾವು, ಹಸಿರು ದ್ರಾಕ್ಷಿ. ನೋಡಲು ಚೆಂದ ಎಂದಷ್ಟೇ ಈ ಸಾಲನ್ನು ಹಿಡಿದದ್ದಲ್ಲ. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದಾಗ ರಸ ಕೆಳಕ್ಕೆ ಇಳಿಯುತ್ತದೆ. ಹೆಚ್ಚು ಸೋರುವ, ಹೆಚ್ಚು ಕಲೆ ಮಾಡುವ ಕಲ್ಲಂಗಡಿ ಮೇಲಿದ್ದರೆ ಕೆಳಗಿನ ಎಲ್ಲವೂ ಕೆಂಪು. ಅದರ ಕೆಳಗೆ ದ್ರಾಕ್ಷಿ ಇದ್ದರೆ ಸಿಪ್ಪೆಯ ಮೇಲೆ ರಸ ಜಾರಿಹೋಗುತ್ತದೆ, ಮೆತ್ತನೆಯ ತುಂಡುಗಳು ಇಳಿದುಬರದಂತೆ ಅದು ತಡೆಯೂ ಆಗುತ್ತದೆ. ಮಾವು ಮತ್ತು ಪರಂಗಿ ಅಕ್ಕಪಕ್ಕ ಬಂದರೆ ಎರಡೂ ಒಂದೇ ಹಣ್ಣಿನಂತೆ ಕಾಣುತ್ತವೆ, ಅದಕ್ಕೇ ನಡುವೆ ಪೇಲವ ಬಣ್ಣದ ಕರಬೂಜ. ತುದಿಯ ದ್ರಾಕ್ಷಿಯನ್ನು ತೂತು ದಾಟಿಸಬೇಡಿ. ಕಡ್ಡಿಯ ಮೊನೆ ಅದರೊಳಗೇ ಅಡಗಿರಲಿ.

ಚುಚ್ಚುವಾಗ ತುಂಡನ್ನು ಮಣೆಯ ಮೇಲಿಟ್ಟು ಮೇಲಿನಿಂದ ಒತ್ತಬೇಕು. ಅಂಗೈಯಲ್ಲಿ ಹಿಡಿದು ಚುಚ್ಚಿದರೆ ಕಡ್ಡಿ ಕೈಗೇ ಬರುತ್ತದೆ. ಅನಾನಸನ್ನು ನಾರಿಗೆ ಅಡ್ಡಲಾಗಿ ಚುಚ್ಚಿ, ನಾರಿನ ಉದ್ದಕ್ಕೆ ಚುಚ್ಚಿದರೆ ಸೀಳುತ್ತದೆ. ಕಲ್ಲಂಗಡಿಯ ಮೂಲೆಗೆ ಚುಚ್ಚದೆ ನಟ್ಟನಡುವೆ ಚುಚ್ಚಿ. ಕಡ್ಡಿಯನ್ನು ತುಸು ತಿರುಗಿಸುತ್ತಾ ಒತ್ತಿದರೆ ಯಾವ ತುಂಡೂ ಒಡೆಯುವುದಿಲ್ಲ. ತುಂಡುಗಳು ಒಂದಕ್ಕೊಂದು ತಾಗಿರಲಿ, ಬಿಗಿದುಕೊಂಡಿರಬಾರದು.

ನಿಲ್ಲಿಸಲು ಬಾಳೆಯ ಕಂಬ

ಗೊನೆ ಕಡಿದ ಬಾಳೆಗಿಡದ ಕಾಂಡದಿಂದ ಎರಡು ಅಡಿಯ ಎರಡು ತುಂಡು ಬೆಳಿಗ್ಗೆಯೇ ಕಡಿದು, ಹೊರಗಿನ ಒಂದೆರಡು ಪಟ್ಟೆ ಸುಲಿದು, ತೊಳೆದು, ಒಂದು ಗಂಟೆ ನೆಟ್ಟಗೆ ನಿಲ್ಲಿಸಿ ನೀರು ಇಳಿಸಿ. ಉರುಳದ ಹಾಗೆ ಒಂದು ಬದಿಯನ್ನು ಚಪ್ಪಟೆಯಾಗಿ ಕೆತ್ತಿ. ಒಂದು ಕಡ್ಡಿಯನ್ನೇ ಬಳಸಿ ಎರಡಿಂಚಿಗೊಂದು ತೂತು ಮಾಡಿ, ಸಾಲುಗಳು ತುಸು ಹೊರಕ್ಕೆ ವಾಲುವಂತೆ. ಬಾಳೆಯ ಕರೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಹೊಸ ಬಟ್ಟೆ ಹಾಕಿದವರನ್ನು ದೂರವಿಡಿ. ಹಸಿರು ಬಿಳಿ ಕಾಂಡದ ಮೇಲೆ ಬಣ್ಣದ ಕಡ್ಡಿಗಳು ಎದ್ದು ನಿಂತಾಗ ಜಗಲಿಯಲ್ಲಿ ಮಲಗಿದ್ದವರೂ ಎದ್ದು ಕೂರುತ್ತಾರೆ. ಪುದೀನದ ಚಿಗುರನ್ನು ಅಲ್ಲಲ್ಲಿ ಸಿಕ್ಕಿಸಿ. ಬಾಳೆ ಇಲ್ಲದ ಪೇಟೆಯ ಮನೆಯಲ್ಲಿ ಅರ್ಧ ಕಲ್ಲಂಗಡಿಯ ಸಿಪ್ಪೆಯನ್ನು ಬೋರಲು ಹಾಕಿದರೆ ಆಯಿತು.

55ನ್ನೂ ಒಟ್ಟಿಗೆ ಹೊರಗೆ ತರಬೇಡಿ. ಹೆಚ್ಚಿದ ಹಣ್ಣು ತಂಪಿನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮೊದಲು 28, ಅವು ಖಾಲಿಯಾದ ಮೇಲೆ 27. ಬಿಸಿಲು ಬೀಳದ ಜಾಗವಿರಲಿ, ಮೇಲೆ ತೆಳು ಬಟ್ಟೆ ಹೊದಿಸಿ. ಹಲಸು, ಮಾವಿನ ಪರಿಮಳಕ್ಕೆ ನೊಣ ಬರುವುದು ನಮಗಿಂತ ಮೊದಲು.

ನಂಜಿಕೊಳ್ಳಲು

ಒಲೆ ಹಚ್ಚುವುದಿಲ್ಲ ಎಂದ ಮೇಲೆ ಜೀರಿಗೆ ಹುರಿಯುವುದೂ ಇಲ್ಲ. ನಮ್ಮ ತೋಟದ ಕಾಳುಮೆಣಸು ಸಾಕು. ಎರಡು ಚಮಚ ಮೆಣಸನ್ನು ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿ ಒಂದು ಚಮಚ ಪುಡಿಯುಪ್ಪು ಬೆರೆಸಿ. ಅನಾನಸಿಗೂ ತೋತಾಪುರಿಗೂ ಇದರ ಮುಂದೆ ಅಂಗಡಿಯ ಮಸಾಲೆ ನಿಲ್ಲದು. ಆದರೆ ಮೊದಲೇ ಉದುರಿಸಬೇಡಿ, ಉಪ್ಪು ತಾಗಿದ ಹಣ್ಣು ಐದೇ ನಿಮಿಷಕ್ಕೆ ನೀರು ಬಿಡುತ್ತದೆ. ಬಟ್ಟಲಲ್ಲಿ ಇಟ್ಟುಬಿಡಿ, ಬೇಕಾದವರು ಅದ್ದಿಕೊಳ್ಳಲಿ.

ಸಿಹಿಗೆ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಅರ್ಧ ಕಿಲೋ ಗಟ್ಟಿ ಮೊಸರಿಗೆ ನಾಲ್ಕು ಚಮಚ ಜೋನಿ ಬೆಲ್ಲ, ಎರಡು ಏಲಕ್ಕಿಯ ಪುಡಿ. ಇದನ್ನು ಹಣ್ಣಿನೊಂದಿಗೆ ಕಲಸಿಡಬಾರದು. ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ, ಕಿವಿ ಹಣ್ಣಿನಲ್ಲಿಯೂ ಪರಂಗಿಯಲ್ಲಿಯೂ ಅಂಥವೇ ಇವೆ. ಅವು ಪ್ರೋಟೀನನ್ನು ಒಡೆಯುತ್ತವೆ. ಮಾಂಸ ಮೆತ್ತಗಾಗಲು ಪರಂಗಿ ಕಾಯಿ ಹಾಕುವುದು ಇದಕ್ಕೇ. ಮೊಸರಿನ ಪ್ರೋಟೀನನ್ನೂ ಒಡೆದು ಕಹಿ ಮಾಡುತ್ತವೆ. ಮೊದಲ ವರ್ಷ ನನ್ನ ಮೊಸರು ಕಹಿಯಾದದ್ದು ಹೀಗೆ. ಅದ್ದಿ ಕೂಡಲೇ ತಿಂದರೆ ಏನೂ ಆಗುವುದಿಲ್ಲ. ಜೋನಿ ಬೆಲ್ಲದ ಬದಲು ಜೇನು ಹಾಕಿದರೆ ಒಂದು ವರ್ಷ ತುಂಬದ ಕೂಸಿಗೆ ಅದರ ಹನಿಯೂ ತಾಗದಿರಲಿ, ಎಳೆಯ ಕರುಳಿಗೆ ಜೇನು ಅಪಾಯ.

ಪುಟ್ಟವರು, ಹಿರಿಯರು

ಐದು ವರ್ಷದೊಳಗಿನ ಮಕ್ಕಳಿಗೆ ಕಡ್ಡಿ ಕೊಡಬೇಡಿ. ಇಡೀ ದ್ರಾಕ್ಷಿಯನ್ನಂತೂ ಕೊಡಲೇಬೇಡಿ, ಅದು ಗಂಟಲಿಗೆ ಬಿರಡೆಯಂತೆ ಕೂರುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಉಳಿದ ಹಣ್ಣಿನ ಚಿಕ್ಕ ಚೂರುಗಳೊಂದಿಗೆ ಬಟ್ಟಲಲ್ಲಿ ಹಾಕಿ, ಕೂರಿಸಿ ತಿನ್ನಿಸಿ. ಅಣ್ಣ ಅಕ್ಕಂದಿರ ಕೈಯಲ್ಲಿ ಕಡ್ಡಿ ನೋಡಿ ಅಳುವವರಿಗೆ ಐಸ್‌ಕ್ರೀಮ್ ಕಡ್ಡಿಯ ತುದಿಗೆ ಪರಂಗಿಯ ಒಂದು ತುಂಡು ಸಿಕ್ಕಿಸಿಕೊಡಿ, ಅಷ್ಟಕ್ಕೇ ತೃಪ್ತಿ. ದೊಡ್ಡ ಮಕ್ಕಳಿಗೂ ಒಂದೇ ನಿಯಮ: ಕಡ್ಡಿ ಹಿಡಿದು ಓಡುವಂತಿಲ್ಲ.

ಸಕ್ಕರೆ ಕಾಯಿಲೆಯ ಹಿರಿಯರಿಗೆ ಸೀಬೆ, ಪರಂಗಿ ಹೆಚ್ಚಾಗಿರುವ ಒಂದು ಕಡ್ಡಿಯನ್ನು ಬೇರೆ ಪೋಣಿಸುತ್ತೇನೆ, ಮಾವು ಒಂದೇ ತುಂಡು. ಅವರನ್ನು ಬಿಟ್ಟು ಹಂಚುವುದು ನನ್ನಿಂದಾಗದು. ನಕ್ಷತ್ರದ ಬಿಲ್ಲೆಯಾಗಿ ಬೀಳುವ ಧಾರೆಹುಳಿಯನ್ನು ತುದಿಗೆ ಸಿಕ್ಕಿಸುವ ಆಸೆ ಆಗುತ್ತದೆ, ಚೆಂದವೂ ಹೌದು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಆ ಹಣ್ಣು ವಿಷದಂತೆ. ಅಂಥವರು ಮನೆಯಲ್ಲಿದ್ದರೆ ಅದನ್ನು ತರುವುದೇ ಬೇಡ.

ಉಳಿದದ್ದು

ಅಂಚಿನ ಚೂರು, ಕಲ್ಲಂಗಡಿಯ ಬೀಜದ ಸಾಲಿನ ತಿರುಳು, ಅನಾನಸಿನ ದಿಂಡು ಎಲ್ಲವನ್ನೂ ರುಬ್ಬಿ ಸೋಸಿ, ನಿಂಬೆರಸ ಹಿಂಡಿದರೆ ಪಾನಕ. ಕಲ್ಲಂಗಡಿಯ ಸಿಪ್ಪೆಯೊಳಗಿನ ಬಿಳಿ ಭಾಗವನ್ನು ಹೆರೆದು, ನೆನೆಸಿದ ಅಕ್ಕಿಯೊಂದಿಗೆ ರುಬ್ಬಿಟ್ಟರೆ ಮರುದಿನ ಬೆಳಿಗ್ಗೆ ಮೆತ್ತನೆಯ ದೋಸೆ. ಒಂದು ಗಂಟೆ ಹೊರಗೆ ನಿಂತು ಉಳಿದ ಕಡ್ಡಿಯ ಹಣ್ಣನ್ನು ಮಾತ್ರ ಮತ್ತೆ ಫ್ರಿಜ್ಜಿಗೆ ಹಾಕಬೇಡಿ.

ಸಿಪ್ಪೆಯೆಲ್ಲ ಬುಟ್ಟಿ ತುಂಬಿ ಕೊಟ್ಟಿಗೆಗೆ ಹೋಗುತ್ತದೆ. ಅದಕ್ಕೂ ಮೊದಲು ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಸಂಖ್ಯೆ ನೋಡಿ, ಕಡ್ಡಿ ಎಣಿಸಿ. ಒಂದು ಕಡ್ಡಿ ಸಿಪ್ಪೆಯ ನಡುವೆ ಸೇರಿಕೊಂಡರೆ ದನದ ಗಂಟಲಿಗೆ ಹೋಗುತ್ತದೆ; ಅಂಗಳದಲ್ಲಿ ಬಿದ್ದರೆ ಬರಿಗಾಲಿನ ಮಕ್ಕಳ ಪಾದಕ್ಕೆ. ಕಡ್ಡಿ ತಂದುಕೊಟ್ಟವರಿಗೆ ಮಾತ್ರ ಪಾನಕ ಎಂದರೆ ಮಕ್ಕಳೇ ಹುಡುಕಿ ತರುತ್ತಾರೆ. ಹೋದ ವರ್ಷ 54ಕ್ಕೆ ನಿಂತಿತ್ತು. ದೀಪ ಹಚ್ಚುವ ಹೊತ್ತಿನವರೆಗೆ ಎಲ್ಲರೂ ಹುಡುಕಿದೆವು. ಕೊನೆಗೆ ಅದು ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿ ಸಿಕ್ಕಿತು, ತೊಳೆದು ಒರೆಸಿ ಇಟ್ಟುಕೊಂಡಿದ್ದರು.